ಬೊಮ್ಮಲಿ

ನಾಲ್ಕು ಸಲದ ಗಡ್ಡದ ಬಾಕಿಗೆ ದುಡ್ಡಿನ ಬದಲು
ದಸ್ತಗೀರ್ ಇದನ್ನು ಇಟ್ಟು ಹೋದ.
ಅವನಿದ್ದ ಗುಲಾಬಿ ಪಾಲಿಹೌಸು ಮುಚ್ಚಿತ್ತು.
ಬ್ರೊಮೀಲಿಯಾಡ್ ಅಂದ. ನನ್ನ ಬಾಯಲ್ಲಿ ಬೊಮ್ಮಲಿ ಆಯಿತು.
ಚಿಂತಾಮಣಿಯಲ್ಲಿ ಅರ್ಧ ಮಾತು
ತೆಲುಗಿಗೆ ಜಾರುವುದು ಹೊಸದಲ್ಲ.

"ಬುಡಕ್ಕೆ ಬೇಡ, ನೆತ್ತಿಗೆ ಹುಯ್ಯಿ" ಅಂದಿದ್ದ.
ನೆತ್ತಿ ನೆನೆಸುವುದು ನನಗೆ ಹೇಳಿಕೊಡಬೇಕೆ?
ಮೂವತ್ತೊಂದು ವರ್ಷದಿಂದ ಅದೇ ಕಸುಬು.
ಅಂಗಡಿಯ ಸ್ಪ್ರೇ ಬಾಟಲಿಯನ್ನೇ ಮನೆಗೆ ತಂದೆ.
ಮೂರು ವಾರಕ್ಕೆ ಎಲೆಯ ಮೇಲೆಲ್ಲ ಬಿಳಿ ಉಂಗುರ,
ಅಂಗಡಿ ಕನ್ನಡಿಯ ಅಂಚಿಗೆ ಕೂರುವಂಥದ್ದೇ,
ಸಾವಿರದ ಮುನ್ನೂರು ಅಡಿ ಹತ್ತಿ ಬಂದ ನೀರಿನ ರುಜು.
ಉಜ್ಜಿದೆ. ಹೋಗಲಿಲ್ಲ.

ಆಮೇಲೆ ಕಣ್ಣಿಗೆ ಬಿತ್ತು, ಪಕ್ಕದ ಎಟಿಎಂ ಹಿಂದೆ
ಎ.ಸಿ. ಪೈಪಿನಿಂದ ತೊಟ್ಟಿಕ್ಕುವ ನೀರು.
ಉಪ್ಪಿಲ್ಲ, ಸುಣ್ಣವಿಲ್ಲ, ಯಾರದೂ ಅಲ್ಲ.
ಪೇಂಟ್ ಡಬ್ಬ ಇಟ್ಟೆ. ಗಾರ್ಡು ಪಿಲ್ಲಪ್ಪ ನಕ್ಕ:
"ಎಲ್ರೂ ಮುಂದ್ಗಡೆ ಡ್ರಾ ಮಾಡಿದ್ರೆ ನೀನು ಹಿಂದ್ಗಡೆ."
ಕರೆಂಟು ಹೋದ ದಿನ ನನ್ನ ಖಾತೆ ಖಾಲಿ.

ಮಣ್ಣು ಬೇಡ ಇದಕ್ಕೆ.
ತೆಂಗಿನ ನಾರು, ಇಸ್ತ್ರಿ ಅಂಗಡಿಯ ಇದ್ದಿಲು ಸಾಕು.
ಬೇರು ಇರುವುದು ಊಟಕ್ಕಲ್ಲ, ಆತುಕೊಳ್ಳುವುದಕ್ಕೆ,
ಬಸ್ಸಿನ ಕಂಬಿ ಹಿಡಿದ ಕೈ ಹಾಗೆ.

ಆಗಸ್ಟಿನಲ್ಲಿ ಡೆಂಗಿ ಸರ್ವೆಗೆ ಅಲಿವೇಲು ಬಂದಳು.
ಡ್ರಮ್ಮು, ತೊಟ್ಟಿ, ಫ್ರಿಜ್ಜಿನ ಹಿಂದಿನ ತಟ್ಟೆ ನೋಡಿ
ಕೊನೆಗೆ ಮೊಬೈಲ್ ಟಾರ್ಚನ್ನು ಗಿಡದ ನೆತ್ತಿಗೆ ಬಿಟ್ಟಳು.
ಎಲೆಬಟ್ಟಲಲ್ಲಿ ಏಳೆಂಟು ಹುಳು
ಕೊಂಕಿ ಕೊಂಕಿ ಅಡಿಗಿಳಿದವು.
"ಗಿಡ ಬೇಕಾ ಅಣ್ಣಾ, ಬೀದಿ ಬೇಕಾ?"
ಕುಂಡ ಎತ್ತಿ ಬಗ್ಗಿಸಿದೆ,
ಗಿರಾಕಿಯ ತಲೆಯನ್ನು ಬೇಸಿನ್ನಿಗೆ ಬಗ್ಗಿಸುವ ಹಾಗೆ.
ಅವತ್ತಿನಿಂದ ಮಂಗಳವಾರ, ಅಂಗಡಿ ರಜಾ,
ಬಟ್ಟಲಿಗೂ ತಲೆಸ್ನಾನ.
ಅವಳ ರಿಜಿಸ್ಟರಿನಲ್ಲಿ ನಮ್ಮನೆ ಎದುರು
ಪ್ರಶ್ನೆ ಚಿಹ್ನೆ ಮಾತ್ರ ಹಾಗೇ ಇದೆ.

ಜನವರಿಗೆ ನಡುವಿನಿಂದ ಕೆಂಪು ಎದ್ದಿತು.
ಹಾಲು ಹಾಕುವವನೂ ಸೈಕಲ್ ನಿಲ್ಲಿಸಿ ನೋಡಿದ.
ಮೂರು ತಿಂಗಳು ನಿಂತ ಹೂವು ಮುಗಿದ ಮೇಲೆ
ಗಿಡವೇ ಕಂದುತ್ತ ಬಂತು.
ನೆರಳು ಬದಲಿಸಿದೆ, ಡಬ್ಬ ತೊಳೆದೆ, ನನ್ನನ್ನೇ ಬೈದುಕೊಂಡೆ.
ಫೋನಿನಲ್ಲಿ ದಸ್ತಗೀರ್: "ಒಂದೇ ಸಲ ಅಣ್ಣಾ ಅದು ಹೂ ಬಿಡೋದು.
ಬುಡ ನೋಡು."
ನೋಡಿದೆ. ಎರಡು ಮರಿ.
"ಈಗ್ಲೇ ಕುಯ್ಯಬೇಡ. ತಾಯಿಯ ಅರ್ಧ ಆಗ್ಲಿ."

ದಿನಾ ಗೇಣು ಹಾಕಿ ಅಳೆದೆ.
ಬೆಳೆದದ್ದನ್ನು ಕತ್ತರಿಸಿಯೇ ಹೊಟ್ಟೆ ಹೊರೆದವನು
ಬೆಳೆಯಲಿ ಎಂದು ಕಾದದ್ದು ಇದೊಂದನ್ನೇ.

ಹೋದ ಮಂಗಳವಾರ ಹೊಸ ಬ್ಲೇಡಿಗೆ ಡೆಟಾಲ್ ಒರೆಸಿ
ಒಂದನ್ನು ಬಿಡಿಸಿದೆ. ಅಲಿವೇಲುಗೆ ಕೊಟ್ಟೆ.
"ಇದ್ರಲ್ಲೂ ನೀರು ನಿಲ್ಲುತ್ತಲ್ಲ?"
"ನಿಲ್ಲುತ್ತೆ."
ತುಸು ಹೊತ್ತು ಸುಮ್ಮನಿದ್ದು
ರಿಜಿಸ್ಟರಿನ ಪಕ್ಕ ಚೀಲದೊಳಗೆ ನಿಲ್ಲಿಸಿಕೊಂಡಳು.

ಇನ್ನೊಂದು ಮರಿ ತಾಯಿಗೇ ಅಂಟಿಕೊಂಡಿದೆ.
ತಾಯಿಯ ಎಲೆ ಒಣಗಿ ಬಾಳೆಪಟ್ಟೆಯಾಗಿದೆ.
ಇವತ್ತೂ ಅದರ ಬಟ್ಟಲಿಗೆ ನೀರು ಹುಯ್ದೆ.
ಅರ್ಧ ಸೋರಿತು.