ಎರಡು ಪ್ಲಾಸ್ಟಿಕ್ ತಾಟು

ರವದಿ ಒದ್ದಿ ಆಗಿತ್ತು. ಇಷ್ಟ ನನಗ ನೆನಪೈತಿ.
ಗದ್ದನಕೇರಿ ಕ್ರಾಸ್ ಇನ್ನೂ ಎರಡು ಕಿಲೋಮೀಟರ್,
ಕಬ್ಬಿನ ಟ್ರ್ಯಾಕ್ಟರ್ ಉದುರಿಸಿ ಹೋಗಿದ್ದು,
ಮ್ಯಾಲ ಹತ್ತು ನಿಮಿಷದ ಅಡ್ಡಮಳಿ.
ಪುಣೆದಿಂದ ತಂದ ಹಳದಿ ಕಾರು, ಎರಡ ಬಾಗಿಲದ್ದು,
ಇಳಕಲ್ಲ ಕಲ್ಲು ಹನ್ನೊಂದು ವರ್ಷ ಪಾಲಿಶ್ ಮಾಡಿ
ನನಗ ನಾನ ಕೊಟಕೊಂಡ ಒಂದ ಒಂದು ಹೊಳಪು.
ಬಾಜೂಕ ತಂಗಿ ಶಾಂಭವಿ.
"ಅಕ್ಕಾ, ಇನ್ನಷ್ಟು" ಅಂದಿದ್ಲು.
ಹಂಗ ಅಂದಿದ್ದು ಪೊಲೀಸರ ಮುಂದ ಹೇಳಲಿಲ್ಲ.
ನಾ ಬ್ರೇಕ್ ತುಳದೆ.
ಮೋರಿಯ ಬಿಳೇ ಗ್ವಾಡಿ. ಅದನ್ನ ನೋಡಿದೆ.
ಅದನ್ನಷ್ಟ ನೋಡಿದೆ.

ಎಂಟು ತಿಂಗಳು ಅದನ್ನ ನೋಡಕೋತ ಇದ್ದೆ.
ಹಲ್ಲು ತಿಕ್ಕುವಾಗ. ಬ್ಯಾಂಕಿನ್ಯಾಗ ಸಹಿ ಮಾಡುವಾಗ.
ಶಾಂಭವಿ ಮೊಣಕಾಲಾಗ ಆರು ಸ್ಕ್ರೂ.
ಆಕಿ ಸೈಕಲ್ ರೇಸಿನ್ಯಾಗ ಗೆದ್ದ ಕಪ್ಪುಗಳ ಮ್ಯಾಲ
ಅವ್ವ ಈಗ ಅರಿವಿ ಹೊಚ್ಚತಾಳ,
ಧೂಳು ಬೀಳಬಾರದಂತ ಅಂತಾಳ.

ರಾಜೇಸಾಬ ಚಟ್ಟರಕಿ, ಮೂವತ್ತೊಂದು ವರ್ಷ ಬಸ್ಸು,
ಬೀಳಗಿ, ಜಮಖಂಡಿ, ರಾತ್ರಿ ಪಾಳಿ ಸೊಲ್ಲಾಪುರ.
"ಗಾಡಿ ಬಿಡಬ್ಯಾಡ ಬೇಟಿ, ಅಂಜಿಕೀನೂ ಬಿಡಬ್ಯಾಡ,
ಎರಡೂ ಕೂಡೇ ಕರಕೊಂಡ ಬಾ" ಅಂದ್ರು ಫೋನಿನ್ಯಾಗ.

ಹಳೇ ಬಾಗಲಕೋಟಿ. ಬ್ಯಾಸಗಿ. ಹಿನ್ನೀರು ಹಿಂದ ಸರದಿತ್ತು.
ಮನಿಗಳ ಅಡಿಪಾಯ ಸುದ್ದಾ ಕೆಸರು ನುಂಗಿ ಒಣಗಿದ ಬಯಲು,
ನಡುವ ಒಂದ ಒಂದು ಲೈಟಿನ ಕಂಬ.
ಅಳಿಯನ ಚಾದಂಗಡಿಯಿಂದ ಎರಡು ತಾಟು ತಂದಿದ್ರು,
ಕೆಂಪು ಪ್ಲಾಸ್ಟಿಕ್, ಅಂಚಿಗೆ ಬೀಡಿ ಸುಟ್ಟ ಕಲಿ.
ಹಳೇ ಮಾರುತಿಯ ಹಿಂದಿನ ಗಾಲಿ ಕೆಳಗ ಒಂದೊಂದು ಇಟ್ಟು
ಹ್ಯಾಂಡ್‌ಬ್ರೇಕ್ ಎಳದು "ಹೊಡಿ" ಅಂದ್ರು.
ಹೊಡದೆ. ಗಾಡಿಯ ಬೆನ್ನು ನನ್ನ ಮಾತು ಕೇಳಲಿಲ್ಲ,
ಮದವಿಮನಿ ಸಣ್ಣ ಹುಡುಗರಂಗ
ಎಲ್ಲೆಲ್ಲೋ ಓಡಿತು.

"ಬಲಕ್ಕ ಜಾರಿದ್ರ ಬಲಕ್ಕ ತಿರವು.
ಜಾರೂದಕ್ಕ ಬೆನ್ನು ಮಾಡಬ್ಯಾಡ.
ಕಾಲು ತಗಿ. ಬ್ರೇಕ್ ಏನು ನಿಮ್ಮಪ್ಪನ ಆಸ್ತಿ? ತಗಿ!
ಕಣ್ಣು? ಕಣ್ಣೆಲ್ಲಿ?
ಹೋಗಬೇಕಾದಲ್ಲಿ ಇಡು. ಕಂಬದ ಮ್ಯಾಲ ಅಲ್ಲ.
ಎಲ್ಲಿ ನೋಡತಿ, ಅಲ್ಲೇ ಹೋಗತೈತಿ ಗಾಡಿ.
ಎತ್ತೂ ಹಂಗ. ಮನಿಶಾನೂ ಹಂಗ."

ಹದಿನಾಲ್ಕು ಸಲ ತಿರಗಿದೆ. ವಾಂತಿ ಮಾಡಿದೆ.
ಹದಿನೈದನೇದಕ್ಕ ಧೂಳಿನ ನಡುವ ನಿಂತಾಗ
ರಾಜೇಸಾಬ ನಕ್ಕೋತ ಬಂದು, ಬಗ್ಗಿ ನೆಲ ನೋಡಿದ್ರು.
"ನೀ ಈಗ ತಿರಗಿದ್ದು ನಮ್ಮ ಅಡಗೀಮನ್ಯಾಗ.
ಇಲ್ಲಿ ಒಲಿ. ಅಲ್ಲಿ ನೀರಿನ ಹಂಡೆ.
ನಿನ್ನ ಗಾಲಿ ನಿಂತೈತಲ್ಲ, ಅಲ್ಲೇ ಕುಂತು
ನಮ್ಮಾಕಿ ರೊಟ್ಟಿ ಬಡೀತಿದ್ಲು."
ಏನಂತ ಅನ್ನಬೇಕೋ ತಿಳೀಲಿಲ್ಲ.
"ನೀರು ಬರೂದು ಗೊತ್ತಿತ್ತು. ಆದ್ರೂ ನಾನೂ ಬ್ರೇಕ್ ತುಳದಿದ್ದೆ,
ಎರಡು ವರ್ಷ. ನವನಗರದ ಹೊಸ ಮನ್ಯಾಗ
ಗ್ವಾಡಿಗೆ ಮಾರಿ ಮಾಡಿ ಮಲಗತಿದ್ದೆ."
ಆಮ್ಯಾಲ ತಾಟು ಹೆಕ್ಕಿದ್ರು. ಒಂದು ಸೀಳಿತ್ತು.
"ಅಳಿಯ ಬೈತಾನ" ಅಂದ್ರು.

ಈಗ ಜಾರೂದ ಇಲ್ಲ ಅಂತಲ್ಲ.
ನಿನ್ನಿ ರಾತ್ರಿ ಸುದ್ದಾ ನಿದ್ದ್ಯಾಗ ಬಲಗಾಲು ಬಿಗೀತು,
ಬಿಳೇ ಗ್ವಾಡಿ ಬಂತು.
ನಾ ಅದರ ಬಾಜೂಕಿನ ರಸ್ತಾ ಹುಡುಕಿದೆ.
ಇತ್ತು. ಸಣ್ಣದು, ರವದಿ ಬಿದ್ದದ್ದು, ಆದ್ರ ಇತ್ತು.

ಅಂಗಳದಾಗ ಶಾಂಭವಿ ಸ್ಟ್ಯಾಂಡ್ ಹಾಕಿದ ಸೈಕಲ್ ತುಳೀತಾಳ,
ಡಾಕ್ಟರ್ ಹೇಳಿದ್ದು, ದಿನಾ ಇಪ್ಪತ್ತು ನಿಮಿಷ.
ಹಿಂದಿನ ಗಾಲಿ ಗಾಳ್ಯಾಗ ತಿರಗತೈತಿ, ಎಲ್ಲಿಗೂ ಹೋಗೂದಿಲ್ಲ.
ನನ್ನ ಕೂಡ ಇನ್ನೂ ಸರಿಯಾಗಿ ಮಾತಾಡೂದಿಲ್ಲ.
ನಾ ಕಟ್ಟಿಮ್ಯಾಲ ಕುಂತು ಆಕಿ ಮೊಣಕಾಲು ನೋಡತಿದ್ದೆ.
ಇವತ್ತ ಆಕಿ ಕಣ್ಣು ನೋಡಿದೆ.
ಗೇಟಿನ ಕಡೆ ಇದ್ದವು.

ಎದ್ದು ಹೋಗಿ ಚಿಲಕಕ್ಕ ಎಣ್ಣಿ ಬಿಟ್ಟೆ.