ಹೋದ ಪುಟ್ಟ, ಬಂದ ಪುಟ್ಟ

ಬೆಳಗ್ಗೆ ಎಂಟೂಮುಕ್ಕಾಲಿಗೆ ತುರ್ಕುವಿನ ಧಕ್ಕೆ ಬಿಡುತ್ತೇವೆ.
ಎರಡು ಗಂಟೆಗೆ ಮಾರಿಯೆಹಮ್ನ್.
ಊರು ನೋಡಲು ಪುರುಸೊತ್ತಿಲ್ಲ:
ದಿನದ ಟಿಕೆಟ್ಟಿನವರು ಗಾಜಿನ ಓಣಿಯೊಂದನ್ನು ದಾಟಿ
ಎದುರಿಂದ ಬಂದ ಇನ್ನೊಂದು ಹಡಗು ಹತ್ತುತ್ತಾರೆ.
ರಾತ್ರಿ ಎಂಟಕ್ಕೆ ಮತ್ತೆ ಅದೇ ತುರ್ಕು, ಅದೇ ಬಸ್ಸು,
ಚೀಲದಲ್ಲಿ ಸುಂಕವಿಲ್ಲದ ಚಾಕಲೇಟು.

ನನ್ನ ಗಂಡ ಉರ್ಮಾಸ್, ದಿಮ್ಮಿ ಲಾರಿಯವನು,
ಕಿಲೋಮೀಟರಿಗೆ ಇಷ್ಟು ಎಂದು ಬದುಕು ಅಳೆಯುವವನು,
ನಗುತ್ತಾನೆ: "ಹೋದ ಪುಟ್ಟ, ಬಂದ ಪುಟ್ಟ.
ಹತ್ತೊಂಬತ್ತು ಯೂರೋ ತೆತ್ತು
ಎಲ್ಲಿಗೂ ಮುಟ್ಟದೆ ಇರುವುದಕ್ಕೆ
ಮನೆಯ ಸೋಫಾ ಸಾಲದೇ?"

ಹನ್ನೆರಡು ವರ್ಷದಿಂದ ಈ ಹಡಗಿನ ಹಾಸಿಗೆ ಬಿಚ್ಚುತ್ತಿದ್ದೇನೆ.
ಹಗಲಿನವರಲ್ಲಿ ಹೆಚ್ಚಿನವರು ಮಲಗುವುದೇ ಇಲ್ಲ,
ಅಂಚಿನಲ್ಲಿ ಕೂತ ಗುಳಿ ಬಿಟ್ಟು ಎದ್ದುಹೋಗುತ್ತಾರೆ.
ಒಬ್ಬ ಹುಡುಗ ಮಾತ್ರ
ಚಿಲಕ ಹಾಕಿಕೊಂಡು ಐದು ಗಂಟೆ ಸತ್ತಂತೆ ನಿದ್ದೆ ಹೊಡೆದ.
ಮನೆಯಲ್ಲಿ ಅವಳಿ ಕೂಸುಗಳಂತೆ.
ದಿಂಬಿನ ಮೇಲೆ ಎರಡು ಯೂರೋ, ಒಂದು ಚೀಟಿ:
"ಕ್ಷಮಿಸಿ, ಜೊಲ್ಲು ಸುರಿದಿದೆ."

ಏಳನೇ ಅಂತಸ್ತಿನ ಕೊನೆಯ ಕೋಣೆ,
ತಿಂಗಳಿನ ಮೊದಲ ಮಂಗಳವಾರ,
ಕೆರ್ತು ಮತ್ತು ಐಲಿ. ಅಕ್ಕ, ತಂಗಿ.
ಬರುವುದು ಬೇರೆ ಬೇರೆ ಬಸ್ಸಿನಲ್ಲಿ.
ಸಿಗಡಿ ಬ್ರೆಡ್ಡು ಬೇರೆ, ಕಾಫಿ ಬೇರೆ,
ಕೋಣೆಯ ಬಾಡಿಗೆ ಮಾತ್ರ ಅರ್ಧರ್ಧ,
ಚಿಲ್ಲರೆಯ ಸಮೇತ ಮೇಜಿನ ಮೇಲೆ ಎಣಿಸಿಟ್ಟು.
ಮಾತು ಬಿಟ್ಟು ಒಂಬತ್ತು ವರ್ಷವಂತೆ
(ಬಾರಿನ ಪಿರ್ಕ್ಕೊ ಹೇಳಿದ್ದು).
ದ್ವೀಪದ ಮೇಲೆ ಅಪ್ಪ ಕಟ್ಟಿದ ಕೆಂಪು ಮರದ ಮನೆ,
ಪಕ್ಕದಲ್ಲಿ ಸೌನಾ, ಕೆಳಗೆ ದೋಣಿ ಕಟ್ಟುವ ಹಲಗೆ.
ನಿನಗೋ ನನಗೋ ಎಂದು ಜಗ್ಗಾಡಿ ಜಗ್ಗಾಡಿ
ಕೊನೆಗೆ ಮೂರನೆಯವನಿಗೆ ಮಾರಿದರು.

ಒಂದು ಮಂಗಳವಾರ ಟವೆಲ್ಲು ಕೊಡಲು ಬಾಗಿಲು ತಟ್ಟಿದೆ.
ತಿರುಗಿಯೂ ನೋಡದೆ ಕೆರ್ತು ಕೈಯೆತ್ತಿದರು: ನಿಲ್ಲು.
ಕಿಟಕಿಗೆ ಒತ್ತಿದ ಎರಡು ಹಣೆ,
ಗಾಜಿನ ಮೇಲೆ ಉಸಿರಿನ ಎರಡು ಬಿಲ್ಲೆ.
ದ್ವೀಪಗಳ ಸಂದಿಯಲ್ಲಿ ಹಡಗು ಬಸುರಿಯಂತೆ ನಡೆಯುವ ಜಾಗ.
ಬಂಡೆ, ಪೈನ್ ಮರ, ಮತ್ತೆ ಬಂಡೆ,
ಆಮೇಲೆ ಅದು.
ಬಾಗಿಲ ಹಿಡಿ ಕಾಣಿಸುವಷ್ಟು ಹತ್ತಿರ,
ಕೂಗಿದರೂ ಕೇಳಿಸದಷ್ಟು ದೂರ.

"ಹಳದಿ ಬಳಿದಿದ್ದಾನೆ," ಎಂದರು ಐಲಿ.
ಒಂಬತ್ತು ವರ್ಷದ ಮೇಲೆ ಆಡಿದ ಮೊದಲ ಮಾತೋ,
ತಿಂಗಳು ತಿಂಗಳೂ ಇಲ್ಲಿ ಇಂಥದೊಂದು ಆಡುತ್ತಾರೋ,
ನನಗೆ ತಿಳಿಯದು.
"ಥೂ," ಎಂದರು ಕೆರ್ತು, "ಸಾಸಿವೆ ಡಬ್ಬಿ!"
ಇಬ್ಬರ ಭುಜವೂ ಕುಲುಕಿತು.
ನಗುವೋ ಏನೋ,
ಬೆನ್ನಿನಿಂದ ನೋಡುವವರಿಗೆ ಎರಡೂ ಒಂದೇ.

ನಾಲ್ಕು ನಿಮಿಷ. ಆಮೇಲೆ ಗಡಿಯಾರ ಹಿಡಿದು ನೋಡಿದ್ದೇನೆ.
ನಿಮಿಷಕ್ಕೆ ಹತ್ತಿರ ಹತ್ತಿರ ಐದು ಯೂರೋ ಬೀಳುತ್ತದೆ;
ಉರ್ಮಾಸ್‌ನ ಡೀಸೆಲ್ಲೂ ಅಷ್ಟು ತುಟ್ಟಿಯಲ್ಲ.

ಅವರು ಹೋದ ಮೇಲೆ
ಮಡಿಕೆ ಕೆಡದ ಹಾಸಿಗೆಯನ್ನೂ ಬದಲಿಸುತ್ತೇನೆ, ನಿಯಮ.
ಗಾಜನ್ನು ಕೊನೆಗೆ ಒರೆಸುತ್ತೇನೆ, ಅದು ನಿಯಮವಲ್ಲ.

ಗಾಜಿನ ಓಣಿಯಲ್ಲಿ ಅವರ ನಡುವೆ ಹತ್ತು ಹೆಜ್ಜೆ ಅಂತರ.
ನಾನು ಈ ಹಡಗಿನವಳು, ಸ್ಟಾಕ್‌ಹೋಮಿನ ಕಡೆಯವಳು.
ಅವರು ಮರಳುವಾಗ ಮನೆ ಇನ್ನೊಂದು ಮಗ್ಗುಲಿಗೆ ಬರುತ್ತದೆ;
ಚಳಿಗಾಲವಾದರೆ ಬರೀ ಕತ್ತಲು,
ಯಾರೋ ಹಚ್ಚಿಟ್ಟ ಒಂದು ದೀಪ.
ಆಗ ಏನಾದರೂ ಆಡುತ್ತಾರೋ ಇಲ್ಲವೋ
ಆ ಹಡಗಿನಲ್ಲಿ ಹಾಸಿಗೆ ಬಿಚ್ಚುವವಳನ್ನೇ ಕೇಳಬೇಕು.
ಹೆಸರು ಗೊತ್ತಿಲ್ಲ. ಮೊನ್ನೆ ಎರಡು ಹಡಗೂ ಪಕ್ಕಪಕ್ಕ ನಿಂತಾಗ
ಕೊಳೆ ಚಾದರ ತಬ್ಬಿಕೊಂಡು ಕಿಟಕಿಯಲ್ಲಿದ್ದಳು.
ಕೈ ಬೀಸಿದೆ.
ಅವಳ ಕೈ ಎರಡೂ ತುಂಬಿದ್ದವು.