ತಾಗಬಾರದು

ಪಗ್ಗು ತಿಂಗಳಲ್ಲಿ ಹಿತ್ತಿಲ ನಾಲ್ಕು ಸಾಲಿಂದ
ಮೂವತ್ತೊಂದು ಸೌತೆ.
ಕುಲಶೇಖರದ ಈ ಬಾಡಿಗೆ ಮನೆಗೆ ಅಟ್ಟವಿಲ್ಲ;
ಸ್ಟೂಲು ಹತ್ತಿ, ಬಟ್ಟೆ ಒಣಗಿಸುವ ಪೈಪಿಗೆ
ಬಾಳೆನಾರಲ್ಲಿ ಬಿಗಿದೆ.

"ಒಂದಕ್ಕೊಂದು ತಾಗಬಾರದು," ಕೆಳಗಿಂದ ಅತ್ತೆ,
"ತಾಗಿದಲ್ಲಿಂದಲೇ ಕೊಳೆಯುವುದು."
ಹೌದು. ಅದಕ್ಕೇ ಇರಬೇಕು
ಒಂದೇ ಅಡುಗೆಮನೆಯಲ್ಲಿ ನಾವಿಬ್ಬರೂ
ಹದಿನಾಲ್ಕು ಮಳೆಗಾಲ ಕೆಡದೆ ಉಳಿದದ್ದು.

ಆಟಿಯ ರಾತ್ರಿ. ಕರೆಂಟಿಲ್ಲ.
ಧೊಪ್ಪ!
ಎದ್ದು ಬಂದೆವು, ಅವರು ಆ ತುದಿಯಿಂದ,
ನಾನು ಈ ತುದಿಯಿಂದ.
ಇನ್ನು ಯಾವುದು ಮೆತ್ತಗಾಗಿದೆಯೆಂದು
ಕತ್ತಲಲ್ಲೇ ಒಂದೊಂದನ್ನೂ ಒತ್ತುತ್ತ ಹೋದ ಕೈ
ನಡುವಿನದೊಂದರ ಮೇಲೆ
ಅವರ ಕೈಗೆ ತಾಗಿತು. ತಣ್ಣಗಿತ್ತು.

ತೆಗೆಯಲಿಲ್ಲ ಇಬ್ಬರೂ.

"ಇದು ಗಟ್ಟಿ ಉಂಟು," ಅಂದರು.
"ಬಿದ್ದದ್ದನ್ನು ನಾಳೆ ಹುಳಿಗೆ ಹಾಕುವ."